ಲಕ್ಷ್ಯ ಹಿಡಿಸುವ ಸರಂಜಾಮು

ಶಹಾಪುರದ ತಹಸೀಲ ಕಚೇರಿಯ ಕಾರಕೂನ ಅಂಬ್ರಪ್ಪನ ಕಿವಿಗಳ ವಿಷಯದಲ್ಲಿ ಮೊದಲು ಎರಡು ಮಾತು ಹೇಳಬೇಕು. ನೋಡುವುದಕ್ಕೆ ಅವು ಎಲ್ಲರ ಕಿವಿಗಳಂತೆಯೇ ಇದ್ದವು. ಆದರೆ ಓಣಿಯ ಆ ತುದಿಯಲ್ಲಿ ಒಂದು ಕೊಡ ಇನ್ನೊಂದಕ್ಕೆ ತಾಗಿ ಠಣ್ ಎಂದರೆ ಸಾಕು, ಈ ತುದಿಯಲ್ಲಿ ಅಂಬ್ರಪ್ಪ ಚಪ್ಪಲಿ ಹುಡುಕುತ್ತಿದ್ದ. ಕಲಾಯಿ ಹಾಕುವವ ಬಂದರೆ ಅವನ ತಿದಿಯ ಪಕ್ಕ ಕುಳಿತವನು ಓಣಿಯ ಕೊನೆಯ ಪಾತ್ರೆ ಬೆಳ್ಳಗಾಗುವ ತನಕ ಏಳುತ್ತಿರಲಿಲ್ಲ. ಬಾವಿಕಟ್ಟೆಯ ಜಗಳಗಳಂತೂ ಅವನ ಹಾಜರಿಯಿಲ್ಲದೆ ಇತ್ಯರ್ಥವಾದದ್ದೇ ಇಲ್ಲ (ಹಾಜರಿಯಿದ್ದೂ ಇತ್ಯರ್ಥವಾಗಿರಲಿಲ್ಲ, ಆ ಮಾತು ಬೇರೆ).

ಇಂಥ ಕಿವಿಗಳನ್ನು ಹೊತ್ತವನಿಗೆ ಸರ್ಕಾರ ಇಮ್ತಿಹಾನ ಇಟ್ಟಿತು. ಕಂದಾಯದ ಕಾನೂನನ್ನು ಉರ್ದುವಿನಲ್ಲಿ ಓದಿ, ಕಲಬುರಗಿಗೆ ಹೋಗಿ, ಉರ್ದುವಿನಲ್ಲೇ ಬರೆದು ಬರಬೇಕು. ಹಿಂದೆ ಬರೆದಾಗಲೆಲ್ಲ ಅಂಬ್ರಪ್ಪ ನಪಾಸಾಗಿದ್ದ. ಈ ಸಲವೂ ಕೈಕೊಟ್ಟರೆ ಗುರುಮಠಕಲ್ ಕಡೆಗೆ ಬದಲಿ ಖಂಡಿತ ಎಂದು ತಹಸೀಲ್ದಾರ ಸಾಹೇಬರು ಅವನನ್ನು ಎದುರಿಗೆ ನಿಲ್ಲಿಸಿಕೊಂಡೇ ಹೇಳಿದ್ದರು. ಉರ್ದುವೇ ತಲೆಗೆ ಹತ್ತದವನು ಅಲ್ಲಿ ಹೋಗಿ ತೆಲುಗನ್ನೂ ಹತ್ತಿಸಿಕೊಳ್ಳಬೇಕು! ಯುದ್ಧದ ದಿನಗಳು ಬೇರೆ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಓದುವುದೆಲ್ಲ ಹಗಲಿನಲ್ಲೇ, ಅಂದರೆ ಇಡೀ ಶಹಾಪುರ ಎಚ್ಚರವಿರುವಾಗಲೇ ಆಗಬೇಕಿತ್ತು. ಅಂಬ್ರಪ್ಪ ರಜಾ ಹಾಕಿ ಪಡಸಾಲೆಯಲ್ಲಿ ಚಾಪೆ ಹಾಸಿದ.

ಅವನ ಹೆಂಡತಿಯ ಹೆಸರು ಮೌನಮ್ಮ. ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳೆಂದು ತಂದೆ ತಾಯಿ ಆ ಹೆಸರಿಟ್ಟಿದ್ದರು. ದೇವರು ಕೂಸನ್ನು ಕೊಟ್ಟ, ಮೌನವನ್ನು ತನ್ನ ಹತ್ತಿರವೇ ಇಟ್ಟುಕೊಂಡ.

"ಏನ್ರಿ, ಓದಾಕತ್ತೀರೇನು?"

"ಹೂಂ."

"ಓದ್ರಿ, ಓದ್ರಿ. ನಾ ಏನೂ ಮಾತಾಡಂಗಿಲ್ಲ. ಸುಮ್ಮ ಕುಂತು ಬ್ಯಾಳಿ ಆರಸ್ತೇನಿ. ಅಲ್ರಿ, ಇದರಾಗ ಕಲ್ಲು ಎಷ್ಟವ ನೋಡ್ರಿ! ಆ ದುಕಾನದಾಂವ ಬ್ಯಾಳ್ಯಾಗ ಕಲ್ಲು ಕಲಸ್ಯಾನೋ, ಕಲ್ಲಿನಾಗ ಬ್ಯಾಳಿ ಕಲಸ್ಯಾನೋ?"

ಇದು ವಿಚಾರ ಮಾಡಬೇಕಾದ ಪ್ರಶ್ನೆಯೇ. ಅಂಬ್ರಪ್ಪ ಪುಸ್ತಕವನ್ನು ಮಗ್ಗುಲಿಗಿಟ್ಟು ಮೊರದ ಮುಂದೆ ಕುಳಿತ. ಊಟದ ಹೊತ್ತಿಗೆ ಕಲ್ಲು ಒಂದು ಕಡೆ, ಬೇಳೆ ಒಂದು ಕಡೆ ಆಗಿತ್ತು. ಕಾನೂನು ಮಾತ್ರ ಇದ್ದಲ್ಲೇ ಇತ್ತು.

ಅವನ ಸಂಕಟ ಕೇಳಿದವನು ಮಲ್ಕಪ್ಪ. ಅದೇ ಕಚೇರಿಯಲ್ಲಿ ಕಾರಕೂನ, ಈ ಇಮ್ತಿಹಾನವನ್ನು ಪಾಸು ಮಾಡಿ ಮೀಸೆ ತಿರುವಿದವನು. "ನಿನ್ನ ತಲಿ ಕೆಟ್ಟಿಲ್ಲೋ ಅಂಬ್ರು, ಕಿವಿ ಕೆಟ್ಟಾವ. ಅವನ್ನ ಮುಚ್ಚು," ಎಂದ. ಅಂಬ್ರಪ್ಪ ಅರಳೆಯನ್ನು ಔಡಲ ಎಣ್ಣೆಯಲ್ಲಿ ಅದ್ದಿ ಎರಡೂ ಕಿವಿಗೆ ತುರುಕಿಕೊಂಡು ಕುಳಿತ. ಜಗತ್ತು ಒಮ್ಮೆಲೇ ಶಾಂತವಾಯಿತು. ಆಗಲೇ ಕಿಟಕಿಯಾಚೆ ಬಾವಿಕಟ್ಟೆಯಲ್ಲಿ ಇಬ್ಬರು ಹೆಂಗಸರು ಕೈ ಬೀಸಿ ಬೀಸಿ ಬಾಯಿ ಆಡಿಸುತ್ತಿರುವುದು ಕಾಣಿಸಿತು. ಜಗಳ ಕೇಳಿಸಿದರೆ ಒಂದು ಸಂಕಟ, ಕಾಣಿಸಿ ಕೇಳಿಸದಿದ್ದರೆ ನೂರು ಸಂಕಟ! ಯಾರು ಯಾರಿಗೆ ಏನಂದರು? ಯಾಕಂದರು? ಅಂಬ್ರಪ್ಪ ಅರಳೆ ಕಿತ್ತೊಗೆದು ಓಡಿದ. ಅವನು ಮುಟ್ಟುವಷ್ಟರಲ್ಲಿ ಇಬ್ಬರೂ ನಗುತ್ತಿದ್ದರು. ಮೊದಲಿನಿಂದ ಕೇಳಿಸಿಕೊಳ್ಳದ ದುಃಖದಲ್ಲಿ ಆ ದಿನವೂ ಹೋಯಿತು.

ಅಂದರೆ ಕಣ್ಣಿನದೂ ತಪ್ಪಿದೆ ಎಂದು ಅಂಬ್ರಪ್ಪ ತೀರ್ಮಾನಿಸಿದ. ಬಜಾರದ ನಡುವೆ ಎಂಥ ಗದ್ದಲವಿದ್ದರೂ ಫಕ್ರುದ್ದೀನನ ಟಾಂಗಾದ ಕುದುರೆ ಅತ್ತಿತ್ತ ನೋಡದೆ ಋಷಿಯಂತೆ ನೆಟ್ಟಗೆ ಹೋಗುತ್ತಿತ್ತು. ಅದರ ಕಣ್ಣಿನ ಎರಡೂ ಬದಿಗೆ ಚರ್ಮದ ಪಟ್ಟಿ. ಅಂಬ್ರಪ್ಪ ಆ ಪಟ್ಟಿಯನ್ನು ಕೇಳಿದ.

"ಸಾಹೇಬ್ರ, ಇದು ಕುದುರಿಗೆ ಕಟ್ಟೋದು!" ಎಂದ ಫಕ್ರುದ್ದೀನ.

"ಕುದುರಿ ಇಮ್ತಾನ ಬರೀತದೇನಪಾ? ನಾ ಬರೀಬೇಕು."

ಕಚೇರಿಯವರಿಗೆ ಇಲ್ಲ ಎನ್ನಲಾಗದೆ ಫಕ್ರುದ್ದೀನ ಬಿಚ್ಚಿಕೊಟ್ಟ. ಅಂಬ್ರಪ್ಪ ಕಟ್ಟಿಕೊಂಡು ಕುಳಿತ. ಕುದುರೆಯ ಬೆವರಿನ ವಾಸನೆಯೊಂದನ್ನು ಬಿಟ್ಟರೆ ಏನೂ ಅಡ್ಡಿಯಿರಲಿಲ್ಲ. ಆದರೆ ಬಾಗಿಲಲ್ಲಿ ಸಪ್ಪಳವಾದಾಗ ಮೊದಲು ಕಣ್ಣಷ್ಟೇ ಹೊರಳುತ್ತಿದ್ದಲ್ಲಿ ಈಗ ಇಡೀ ಅಂಬ್ರಪ್ಪನೇ ಹೊರಳಬೇಕಾಯಿತು. ಅತ್ತ ಕುದುರೆಯ ಕಥೆ ಇನ್ನೂ ಭೀಕರ. ತನ್ನ ಬೆನ್ನ ಹಿಂದೆ ಒಂದು ಗಾಡಿ ಇದೆ ಎಂಬ ಸಂಗತಿ ಪಾಪ ಅದಕ್ಕೆ ಅಂದೇ ತಿಳಿದದ್ದು. ಹೌಹಾರಿ ಓಡಿತು. ಸುರಪುರಕ್ಕೆ ಹೆಣ್ಣು ನೋಡಲು ಹೊರಟಿದ್ದವರನ್ನು ದೋರನಹಳ್ಳಿಗೆ ಒಯ್ದು, ಯಾರದೋ ಕಣದಲ್ಲಿ ಜೋಳದ ತೆನೆಗೆ ಬಾಯಿ ಹಾಕಿ ನಿಂತಿತು. ಮರುದಿನ ಮುಂಜಾನೆ ಫಕ್ರುದ್ದೀನ, ವರನ ತಂದೆ, ಕಣದ ಯಜಮಾನ ಮೂವರೂ ಅಂಬ್ರಪ್ಪನ ಕಟ್ಟೆಯ ಮೇಲೆ ಕುಳಿತಿದ್ದರು. ಓಣಿಯಲ್ಲಿ ಅಷ್ಟು ದೊಡ್ಡ ಪಂಚಾಯಿತಿ ಸೇರಿ ವರ್ಷಗಳಾಗಿದ್ದವು. ಅದೂ ಅವನ ಮನೆಯಲ್ಲೇ!

ಆಮೇಲೆ ಮಲ್ಕಪ್ಪನ ಅಲಾರಂ ಗಡಿಯಾರ ಬಂತು. ಅದು ಬಾರಿಸುವ ತನಕ ಏಳಕೂಡದು ಎಂಬುದು ಕರಾರು. ಅಂಬ್ರಪ್ಪ ಏಳಲಿಲ್ಲ. ಪುಸ್ತಕವನ್ನೂ ನೋಡಲಿಲ್ಲ. ಮುಳ್ಳು ನಡೆದಿದೆಯೋ ನಿಂತಿದೆಯೋ ಎಂದು ಗಡಿಯಾರವನ್ನೇ ನೋಡುತ್ತ, ಆಗಾಗ ಎತ್ತಿ ಕಿವಿಗೆ ಹಚ್ಚಿಕೊಳ್ಳುತ್ತ, ಈಗ ಬಾರಿಸೀತು, ಈಗ ಬಾರಿಸೀತು ಎಂದು ಎದೆ ಹಿಡಿದುಕೊಂಡೇ ಕುಳಿತ. ಸುರಪುರದ ವೈದ್ಯರಿಂದ ತರಿಸಿದ ತಂಪೆಣ್ಣೆ ಚಿತ್ತವನ್ನು ಅಲ್ಲಾಡಗೊಡುವುದಿಲ್ಲ ಎಂದು ಹೆಸರಾಗಿತ್ತು. ತಲೆಗೆ ತಿಕ್ಕಿಕೊಂಡ. ಚಿತ್ತ ಅಲ್ಲಾಡಲಿಲ್ಲ, ನಿಜ. ಅಂಬ್ರಪ್ಪನೂ ಅಲ್ಲಾಡಲಿಲ್ಲ. ಸಂಜೆ ಮೌನಮ್ಮ ಅಲ್ಲಾಡಿಸಿ ಎಬ್ಬಿಸಿದಳು. ಪಕ್ಕದ ಮನೆಯ ಮಸ್ತಾನಬಿ ದರ್ಗಾದಿಂದ ತಾಯತ ತಂದುಕೊಟ್ಟಳು. ಮೌನಮ್ಮ ತಿಂಥಣಿಯ ದಾರ ಕಟ್ಟಿದಳು. ಎರಡೂ ಒಂದೇ ತೋಳಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಸುಖವಾಗಿದ್ದವು.

ಹೀಗೆ ರಜಾ ಕರಗಿತು. ಕಾನೂನು ಹತ್ತಲಿಲ್ಲವಾದರೂ ಅಂಬ್ರಪ್ಪ ಬೇರೊಂದು ಶಾಸ್ತ್ರದಲ್ಲಿ ಪಂಡಿತನಾಗಿಬಿಟ್ಟ. ಜಪಕ್ಕೆ ಕುಳಿತರೆ ಅಂಗಡಿ ನೆನಪಾಗುವವರು, ಅಂಗಡಿಯಲ್ಲಿ ಕುಳಿತರೆ ನಿದ್ದೆ ಬರುವವರು ಅವನ ಕಟ್ಟೆಗೆ ಬಂದು ಸಲಹೆ ಕೇಳತೊಡಗಿದರು. ಮಸ್ತಾನಬಿಯೂ ಒಂದು ದಿನ ಬಂದಳು. ಒಲೆಯ ಮುಂದೆ ಅವಳ ಲಕ್ಷ್ಯ ಎಲ್ಲೋ ಹೋಗಿ ದಿನಾ ರೊಟ್ಟಿ ಸೀದುಹೋಗುತ್ತಿದ್ದವಂತೆ. ಅಂಬ್ರಪ್ಪ ಗಂಟಲು ಸರಿಮಾಡಿಕೊಂಡು ತನ್ನ ತುಲನಾತ್ಮಕ ಮಹಾಭಾಷ್ಯವನ್ನು ಆರಂಭಿಸಿದ:

"ನೋಡವಾ, ಅರಳಿ ಹಗುರ, ಆದ್ರ ಕಣ್ಣು ಬಿಚ್ಚೇ ಇರ್ತಾವ. ಪಟ್ಟಿ ಕಣ್ಣಿಗೆ ಪಾಡ, ಆದ್ರ ಕಿವಿ ಬಿಚ್ಚೇ ಇರ್ತಾವ. ಗಡಿಯಾರ ಎರಡಕ್ಕೂ ಬರಂಗಿಲ್ಲ. ಸುರಪುರದ ಎಣ್ಣಿ ಅಂದ್ರ ಕಣ್ಣು, ಕಿವಿ ಎರಡೂ ಮುಚ್ಚತದ, ಆದ್ರ ಕಡೀಕ ಪುಸ್ತಕಾನೂ ಮುಚ್ಚತದ."

"ತೆರದಿದ್ರ ಅಲ್ಲೇನ್ರಿ ಮುಚ್ಚೋದು?" ಒಳಗಿನಿಂದ ಮೌನಮ್ಮನ ದನಿ ಬಂತು.

ಮಸ್ತಾನಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೋದಳು. ಅಂಬ್ರಪ್ಪ ಸಿಟ್ಟಿನಿಂದ ಒಳಗೆ ಹೋದ. ಮೌನಮ್ಮ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಗೆ ಇರಬೇಕು ಎಂದುಕೊಂಡ. ಒಲೆ ಹಚ್ಚಿರಲಿಲ್ಲ.

"ಏನಾತೇ?"

"ಗುರುಮಠಕಲ್ ಕಡೆ ಹಾಕಿದ್ರ ಏನ್ರಿ ಗತಿ? ಅಲ್ಲಿ ಮಂದಿ ತೆಲುಗು ಮಾತಾಡ್ತಾರಂತ. ನೀವು ಕಚೇರಿಗೆ ಹೋಗ್ತೀರಿ. ನಾ ಯಾರ ಕೂಡ ಮಾತಾಡ್ಲಿ? ಗ್ವಾಡಿ ಕೂಡ ಮಾತಾಡ್ಲೇನು? ಗ್ವಾಡಿ ಸುದ್ದಾ ತೆಲುಗು ಗ್ವಾಡಿ ಇರ್ತದ!"

ನಗಬೇಕೆಂದುಕೊಂಡ, ಆಗಲಿಲ್ಲ. ಮೀನನ್ನು ಭೀಮಾ ನದಿಯಿಂದ ಎತ್ತಿ ಕಟ್ಟೆಯ ಮೇಲೆ ಹಾಕಿದಂತೆ, ಯಾರದೋ ಊರಿನ ಅಂಗಳದಲ್ಲಿ ಬಾಯಿ ಕಟ್ಟಿ ಕುಳಿತ ಮೌನಮ್ಮ ಅವನ ಕಣ್ಣಿಗೆ ಕಟ್ಟಿದಳು. ಇಷ್ಟು ದಿನ ಮಾಡಿದ್ದೇನು? ಸರಂಜಾಮುಗಳನ್ನು ತೂಗುತ್ತ ಕುಳಿತದ್ದೇ ಬಂತು, ಪುಸ್ತಕದ ಎಲೆ ಮಗುಚಲಿಲ್ಲ. ಇನ್ನು ಒಂದೊಂದರಿಂದ ಆಗದು, ಕಣ್ಣು ಕಿವಿ ಎರಡನ್ನೂ ಒಟ್ಟಿಗೇ ಕಟ್ಟಬೇಕು ಎಂದು ಅವತ್ತೇ ಚರ್ಮದ ಕೆಲಸದ ದ್ಯಾವಪ್ಪನ ಮನೆಗೆ ಹೋದ.

"ಕಣ್ಣಪಟ್ಟಿ ಮಾಡಿಕೊಡು, ದ್ಯಾವಪ್ಪ."

"ಆತ್ರಿ. ಕುದುರಿ ಕರ್ಕೊಂಡು ಬರ್ರಿ, ಅಳತಿ ತಗೋಬೇಕು."

"ಕುದುರಿ ಬಂದದ. ತಗೋ."

ದ್ಯಾವಪ್ಪ ಅವನ ಹಿಂದೆ ಮುಂದೆ ನೋಡಿದ. ಆಮೇಲೆ ಮುಖ ನೋಡಿದ. ಏನೂ ಕೇಳದೆ ಅಳತೆ ತೆಗೆದುಕೊಂಡ. (ತಿರುಗಿ ಹೋಗುವಾಗ ಅಂಬ್ರಪ್ಪನ ಕಿವಿಗೆ ಒಳಗಿನಿಂದ ಒಂದು ಮನೆಯಷ್ಟು ನಗು ಕೇಳಿಸಿತು. ಕೇಳಿಸದೇ ಇದ್ದೀತೇ!)

ಪಟ್ಟಿ ಕೈಗೆ ಬಂದಾಗ ಇಮ್ತಿಹಾನ ಮರುದಿನಕ್ಕೇ ಬಂದಿತ್ತು. ಫಕ್ರುದ್ದೀನನ ಟಾಂಗಾ ಹತ್ತಿ ಅಂಬ್ರಪ್ಪ ಯಾದಗಿರಿಯ ಸ್ಟೇಷನ್ನಿಗೆ ಬಂದ. ಕಲಬುರಗಿಯ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಬೇವಿನ ನೆರಳಿನ ಬೆಂಚಿನ ಮೇಲೆ ಕುಳಿತು ಕಿವಿಗೆ ಅರಳೆ ತುರುಕಿದ, ಅದರ ಮೇಲೆ ಜೇನುಮೇಣ ಒತ್ತಿದ, ಕಣ್ಣಿಗೆ ಪಟ್ಟಿ ಕಟ್ಟಿದ. ಸುತ್ತಲಿನ ಪ್ರಯಾಣಿಕರು ಬೆಂಚು ಖಾಲಿ ಮಾಡಿ ದೂರ ಸರಿದರು. ಅದೂ ಅವನಿಗೆ ಕಾಣಲಿಲ್ಲ. ಪುಸ್ತಕ ತೆರೆದ.

ಏನಾಶ್ಚರ್ಯ! ಅಕ್ಷರಗಳು ಮಾತಾಡತೊಡಗಿದವು. ಜಮೀನಿನ ಬಾಬತ್ತು, ಜಪ್ತಿಯ ಬಾಬತ್ತು, ವರ್ಷಗಟ್ಟಲೆ ಗೋಜಲಾಗಿದ್ದ ಕಲಮುಗಳೆಲ್ಲ ಸಾಲಾಗಿ ಬಂದು ಸಲಾಮು ಮಾಡಿ ತಲೆಯೊಳಗೆ ಹೋಗಿ ಕುಳಿತವು. ಪುಟದ ಮೇಲೆ ಪುಟ. ಕೆಳಗಿನ ಬೆಂಚು ಒಮ್ಮೆ ಗಡಗಡ ನಡುಗಿದಂತಾಯಿತು. ಜ್ಞಾನೋದಯದ ಲಕ್ಷಣವಿರಬೇಕೆಂದು ಅವನು ಎಲೆ ಮಗುಚಿದ.

ಎಷ್ಟೋ ಹೊತ್ತಿನ ಮೇಲೆ ಯಾರೋ ಭುಜ ಮುಟ್ಟಿದರು. ಪಟ್ಟಿ ಸರಿಸಿ, ಮೇಣ ಕಿತ್ತು ನೋಡಿದರೆ ಸ್ಟೇಷನ್ ಮಾಸ್ತರರು.

"ಎಲ್ಲಿಗ್ರಿ ಹೋಗೋದು?"

"ಕಲಬುರ್ಗಿಗಿ."

"ಗಾಡಿ ಹೋತಲ್ರಿ!"

"ಯಾವಾಗ?"

"ನಿಮ್ಮ ಮೂಗಿನ ಮುಂದ ನಿಂತು ಹೋತ್ರಿ. ಸೀಟಿ ಹೊಡೀತು, ಹೊಗಿ ಬಿಡ್ತು. ನೀವು ತಲಿ ಎತ್ಲಿಲ್ಲ. ಯಾರೋ ದೊಡ್ಡ ಸಾಧು ಅಂತ ನಾವೂ ಮುಟ್ಲಿಲ್ಲ."

ಒಂದು ಗಳಿಗೆ, ಒಂದೇ ಗಳಿಗೆ, ಅಂಬ್ರಪ್ಪನ ಎದೆ ಹಿಗ್ಗಿತು. ರೈಲುಗಾಡಿ ಬಂದರೂ ಅಲುಗಲಿಲ್ಲ ತಾನು! ಮರುಗಳಿಗೆಗೆ ಮುಂದಿನ ಗಾಡಿ ನಾಳೆ ಎಂಬುದು ತಿಳಿಯಿತು. ನಾಳೆ ಆ ಹೊತ್ತಿಗೆ ಕಲಬುರಗಿಯಲ್ಲಿ ಉತ್ತರ ಬರೆದು ಮುಗಿಸಿದವರು ಚಹಾ ಕುಡಿಯುತ್ತಿರುತ್ತಾರೆ. ಕಾನೂನೆಲ್ಲ ತುಂಬಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನು ಆ ಬೆಂಚಿನ ಮೇಲೆ ಕುಸಿದ.

ಮನೆಯ ಬಾಗಿಲಲ್ಲಿ ಮೌನಮ್ಮ ಕಣ್ಣರಳಿಸಿದಳು. "ಯಾಕ್ರಿ, ತಿರುಗಿ ಬಂದ್ರಿ?"

"ಗಾಡಿ ಹೋತು."

"ನೀವೆಲ್ಲಿದ್ರಿ?"

"ಟೇಶನ್ದಾಗ."

"ಟೇಶನ್ದಾಗಿದ್ದೋರನ್ನ ಬಿಟ್ಟು ಗಾಡಿ ಹೆಂಗ ಹೋಗ್ತದ್ರಿ?"

"ಓದಾಕತ್ತಿದ್ದೆ."

ಮದುವೆಯಾದಂದಿನಿಂದ ಮೊದಲ ಸಲ ಮೌನಮ್ಮ ತನ್ನ ಹೆಸರಿಗೆ ನ್ಯಾಯ ಒದಗಿಸಿದಳು. ಅಂಬ್ರಪ್ಪ ಬೈಗುಳಕ್ಕೆ ಕಾದ. ಬರಲಿಲ್ಲ. ನೀರು ಕೊಟ್ಟಳು, ರೊಟ್ಟಿ ಬಡಿಸಿದಳು, ಮೂಲೆಯಲ್ಲಿ ಟ್ರಂಕು ತೆರೆದು ಗುರುಮಠಕಲ್‌ಗೆ ಒಯ್ಯಬೇಕಾದ ಸೀರೆಗಳನ್ನು ಮಡಚತೊಡಗಿದಳು.

ತಹಸೀಲ್ದಾರ ಸಾಹೇಬರ ಮುಂದೆ ಅಂಬ್ರಪ್ಪ ಅಪರಾಧಿಯಂತೆ ನಿಂತು ನಡೆದದ್ದನ್ನೆಲ್ಲ ಬಂದಷ್ಟು ಉರ್ದುವಿನಲ್ಲಿ ಅರಿಕೆ ಮಾಡಿಕೊಂಡ. ಸಾಹೇಬರು ಮೊದಲು ಗದರಿದರು. ಪಟ್ಟಿಯ ಮಾತು ಬಂದಾಗ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣೊರೆಸಿಕೊಂಡು ಹುಕುಂ ಮಾಡಿದರು: ರೈಲಿಗೂ ತಲೆಯೆತ್ತದ ಇಂಥ ಮನುಷ್ಯನನ್ನು ಪರವೂರಿಗೆ ಕಳಿಸುವುದು ಸರ್ಕಾರಕ್ಕೆ ನಷ್ಟ. ಇವನು ಇಲ್ಲೇ ದಫ್ತರಖಾನೆಯಲ್ಲಿ ಇರಲಿ. ಅಲ್ಲಿ ಯಾರ ಕಾಟವೂ ಇಲ್ಲ. ಕಾಗದಪತ್ರ ಕಾಯುತ್ತ ಓದಿಕೊಂಡು ಮುಂದಿನ ವರ್ಷ ಇಮ್ತಿಹಾನ ಬರೆಯಲಿ.

ಬದಲಿ ತಪ್ಪಿತು! ಮಲ್ಕಪ್ಪ ಬೆನ್ನು ತಟ್ಟಿದ. ಮೌನಮ್ಮ ಸೀರೆಗಳನ್ನು ಟ್ರಂಕಿನಿಂದ ಹೊರಗೆ ಸುರಿದು, ತಡೆಹಿಡಿದಿದ್ದ ಮಾತನ್ನೆಲ್ಲ ಓಣಿಯ ಮನೆಮನೆಗೆ ಹಂಚಿ ಬಂದಳು.

ದಫ್ತರಖಾನೆ ಕಚೇರಿಯ ಹಿಂದೆ, ಗುಡ್ಡದ ಮಗ್ಗುಲಲ್ಲಿತ್ತು. ಎರಡಾಳೆತ್ತರದ ಕಲ್ಲುಗೋಡೆ, ಮೇಲೆಲ್ಲೋ ಒಂದು ಗವಾಕ್ಷಿ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಹಳೆಯ ಕಾಗದದ ಗಂಟುಗಳು. ಅಂಬ್ರಪ್ಪ ಪುಸ್ತಕ ತೆರೆದ. ಕೊಡದ ಸಪ್ಪಳವಿಲ್ಲ, ಜಗಳವಿಲ್ಲ, ಕಾಗೆಯೂ ಇಲ್ಲ. ತನ್ನ ಉಸಿರೊಂದೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತುಹೋಗಿದೆಯೇನೋ ಎಂದು ಹೆದರಿ ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಂಡ. ಈಗ ಬಾವಿಯ ಹತ್ತಿರ ಏನು ನಡೆದಿರಬಹುದು? ಯಾರು ಬಂದಿರಬಹುದು? ಗೋಡೆಗೆ ಕಿವಿ ಹಚ್ಚಿದ. ಗಂಟುಗಳ ಮೇಲೆ ಹತ್ತಿ ಗವಾಕ್ಷಿಗೆ ಎಟುಕಿಸಿಕೊಳ್ಳಲು ನೋಡಿದ. ಒಂದು ಸಾಲೂ ಓದಲಾಗಲಿಲ್ಲ.

ಮಧ್ಯಾಹ್ನ ಬಾಗಿಲು ಕಿರ್ ಎಂದಿತು. ಬುತ್ತಿ ಹಿಡಿದು ಮೌನಮ್ಮ ಬಂದಿದ್ದಳು. ಅಂಬ್ರಪ್ಪ ಹಾರಿ ಎದ್ದ.

"ಬಾ, ಬಾ, ಕೂಡು! ಓಣ್ಯಾಗ ಏನರ ಆತೇನು?"

ಮೌನಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಶ್... ಓದೋರನ್ನ ಮಾತಾಡಸಬಾರ್ದ್ರಿ."

"ಏ, ಒಂದೀಟು ಮಾತಾಡೇ! ಏನೂ ಇಲ್ಲಂದ್ರ ನನಗ ಬೈಯರ ಬೈ!"

ಅವಳು ಪ್ರೀತಿಯಿಂದ ನಕ್ಕು ತಲೆಯಾಡಿಸಿದಳು. ಬುತ್ತಿಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ತುದಿಗಾಲಲ್ಲಿ ಹೊರಗೆ ಹೋಗಿ, ಆ ದಪ್ಪ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಯಾರೂ ಒಳಗೆ ಬಂದು ಗಂಡನ ಲಕ್ಷ್ಯ ಕೆಡಿಸದಿರಲೆಂದು ಹೊರಗಿನಿಂದ ಚಿಲಕವನ್ನೂ ಹಾಕಿದಳು. ಆಮೇಲೆ ಅಂಗಳದಲ್ಲಿ, ಅವಳ ಜೊತೆಗೆ ಬಂದಿದ್ದ ಮಸ್ತಾನಬಿಯ ದನಿ ಕೇಳಿಸಿತು. ಮೌನಮ್ಮ ಅವಳಿಗೆ ಏನನ್ನೋ ಹೇಳಿದಳು, ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅಂಬ್ರಪ್ಪ ಬಾಗಿಲಿಗೆ ಕಿವಿಯೊತ್ತಿ ನಿಂತ. ಯಾರ ಸುದ್ದಿ, ಏನು ಸುದ್ದಿ, ಒಂದೂ ತಿಳಿಯಲಿಲ್ಲ.