ಪಿಸ್ತೂಲಿನ ಹಣೆಗೆ ಕುಂಕುಮ

ಕಂಡವರ ಬಾಯೊಳಗೆ ಇಣುಕುವುದೇ ಕಸುಬಾದವನಿಗೆ ಕುತೂಹಲ ಒಂದು ಕಾಯಿಲೆಯಾಗಿಬಿಡುತ್ತದೆ. ನಾನು ಮಲೇಶಿಯಾದ ಮೆಲಾಕಾ ಊರಿನ ಕಾಲೇಜೊಂದರಲ್ಲಿ ಹಲ್ಲಿನ ಡಾಕ್ಟರಾಗಲು ಹೊರಟವರಿಗೆ ಪಾಠ ಹೇಳುವವನು. ಪಕ್ಕದ ಮನೆಯ ಮಿಕ್ಸಿಯಾಗಲಿ, ಚಹಾ-ರೊಟ್ಟಿ ಮಾರುವ ಮಾಮಕ್ ಅಂಗಡಿಯ ಫ್ಯಾನಾಗಲಿ, ಏನೋ ಕೆಟ್ಟಿದೆ ಎಂದು ಕಿವಿಗೆ ಬಿದ್ದರೆ ಸಾಕು, "ಎಲ್ಲಿ, ನೋಡೋಣ" ಎಂದು ಎದ್ದುಬಿಡುತ್ತೇನೆ. ರಿಪೇರಿಯಾಗುತ್ತದೋ ಇಲ್ಲವೋ, ಅದು ಬೇರೆ ಮಾತು. ನನ್ನದೇ ಕಾರಿನ ಹಿಂಬದಿಯ ಕ್ಯಾಮೆರಾ ಎಷ್ಟೋ ದಿನದಿಂದ ಜಗತ್ತನ್ನೆಲ್ಲ ಕೆಂಪು ಮಬ್ಬಿನಲ್ಲಿ ತೋರಿಸುತ್ತಿದೆ. ನಡುಮಧ್ಯಾಹ್ನವೂ ಪರದೆಯ ಮೇಲೆ ಸೂರ್ಯಾಸ್ತ. ವೈರಿಂಗಿನ ದೋಷವಿರಬೇಕೆಂದು ಕೂತಲ್ಲೇ ತೀರ್ಪು ಕೊಟ್ಟು ಸುಮ್ಮನಿದ್ದೆ. ಸ್ವಂತದ್ದನ್ನು ನೋಡಿಕೊಳ್ಳಲು ಯಾರಿಗೆ ಪುರುಸೊತ್ತು?

ಇಂಥವನ ಮುಂದೆ ವಾಮನ ಶೇಟ್ರು ತಮ್ಮ ಪಿಸ್ತೂಲು ಕೆಟ್ಟಿದೆ ಎಂದುಬಿಟ್ಟರು. ಶೇಟ್ರ ಅಜ್ಜ ಉಡುಪಿ ಕಡೆಯಿಂದ ಬಂದು ಇಲ್ಲೇ ನೆಲೆಯೂರಿದವರು. ಶೇಟ್ರದು ಚಿನ್ನದ ಅಂಗಡಿ. ಸಂಜೆ ಬಾಗಿಲು ಹಾಕಿದ ಮೇಲೆ ಒಡವೆಯ ಪೆಟ್ಟಿಗೆ ಹಿಡಿದು ಅವರೇ ಮನೆಗೆ ನಡೆಯುತ್ತಾರೆ. ಹಿಂದೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ಬಂದವರು ಯಾರೋ ಅವರನ್ನು ಚರಂಡಿಗೆ ದೂಡಿ ಚೀಲ ಕಿತ್ತುಕೊಂಡು ಹೋಗಿದ್ದರು. ಆಮೇಲೆ ಓಡಾಡಿ, ಲೈಸೆನ್ಸ್ ಪಡೆದು, ಅಂಗೈಯಗಲದ ಒಂದು ಹಳೆಯ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಬಂದೂಕಿನ ಮಾತೆತ್ತಿದರೂ ಜನ ಅತ್ತಿತ್ತ ನೋಡುವ ದೇಶ ಇದು. ಅವರ ಬಾಟಿಕ್ ಅಂಗಿಯಡಿಯ ಉಬ್ಬನ್ನು ನಾನು ಬಹಳ ಕಾಲ ಹೊಟ್ಟೆಯ ಭಾಗವೆಂದೇ ತಿಳಿದಿದ್ದೆ.

"ಎಂತ ಹೇಳುದು ಡಾಕ್ಟ್ರೇ," ಎಂದರು ನಮ್ಮ ಮನೆಯ ಸೋಫಾದಲ್ಲಿ ಕೂತು. "ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮೊಳೆ ಉಂಟಲ್ಲ, ಅದು ಕಾಣುದಿಲ್ಲ. ಕಪ್ಪು ಪಿಸ್ತೂಲು, ಕಪ್ಪು ಮೊಳೆ, ನನ್ನದು ಹಳೇ ಕಣ್ಣು. ಮತ್ತೆ ಕುದುರೆ ಎಳೆದರೆ ಒಂದು ಸಲ ಓಡ್ತದೆ, ಎರಡನೇ ಸಲ ನಿಂತೇ ಬಿಡ್ತದೆ ಲಾ."

ಒಳಗಿನಿಂದ ನನ್ನ ಮಗಳು ಓಡಿಬಂದಳು. "ಅಪ್ಪಾ, ಅಂಕಲ್ ಹ್ಯಾಸ್ ಎ ಹಾರ್ಸ್?"

ಪಿಸ್ತೂಲಿನ ಟ್ರಿಗರ್‌ಗೆ ಕನ್ನಡದಲ್ಲಿ ಕುದುರೆ ಎನ್ನುತ್ತಾರೆಂದು ಅವಳಿಗೆ ತಿಳಿಸುವಷ್ಟರಲ್ಲಿ ಶೇಟ್ರ ದನಿ ಸಣ್ಣಗಾಗಿತ್ತು. ಶೂಟಿಂಗ್ ಕ್ಲಬ್ಬಿನಲ್ಲಿ ಗುರಿಯ ಪರೀಕ್ಷೆ ಪಾಸಾಗದಿದ್ದರೆ ಪಿಸ್ತೂಲನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಂತೆ. ಆಗಲೇ ಫೇಲಾಗಿದ್ದರು, ಇನ್ನುಳಿದದ್ದು ಒಂದೇ ಅವಕಾಶ. "ಅದು ಹೋದ ಮೇಲೆ ಸಂಜೆ ನನ್ನ ಜೊತೆಗೆ ಯಾರುಂಟು ಹೇಳಿ?" ಎಂದರು. ಯಾವಾಗಲೂ ಧೈರ್ಯವಾಗಿ ಮಾತಾಡುವ ಮನುಷ್ಯ ಹೀಗೆ ಹೆದರಿದ್ದು ನೋಡಿ ನನಗೆ ಕೆಡುಕೆನಿಸಿತು. ನಿಜ ಹೇಳಬೇಕೆಂದರೆ, ಕೆಡುಕೆನಿಸಿದ್ದಕ್ಕಿಂತ ಒಂದು ತೂಕ ಹೆಚ್ಚಾಗಿ ಕುತೂಹಲವಾಯಿತು.

ಭಾನುವಾರ ಕ್ಲಬ್ಬಿಗೆ ಹೋದೆವು. ಪಿಸ್ತೂಲನ್ನು ಅಲ್ಲಿನ ಅಧಿಕೃತ ರಿಪೇರಿಯವ ಲಿಮ್ ಮಾತ್ರ ಮುಟ್ಟಬೇಕು, ಅದೂ ಅಲ್ಲೇ, ಗುಂಡು ತೆಗೆದ ಮೇಲೆ. ಲಿಮ್‌ಗೆ ತನ್ನ ಮೇಲೆ ಅಪಾರ ವಿಶ್ವಾಸ. ಸ್ಪ್ರಿಂಗ್ ಹಳತು ಎಂದು ಬದಲಾಯಿಸಿದ, ಪಿಸ್ತೂಲು ನಿಂತಿತು. ಗುಂಡು ಸರಿಯಿಲ್ಲ ಎಂದು ಬೇರೆ ಹಾಕಿಸಿದ, ಮತ್ತೆ ನಿಂತಿತು. ಕೊನೆಗೆ ಶೇಟ್ರ ಮಣಿಕಟ್ಟೇ ಸರಿಯಿಲ್ಲ ಎಂದ. ನಾನು ಮಾತ್ರ ಮೊಳೆಯ ಸಮಸ್ಯೆ ನನಗಿರಲಿ ಎಂದು ಗತ್ತಿನಿಂದ ಚೀಲ ಬಿಚ್ಚಿದೆ. ಹುಳುಕು ಹಲ್ಲಿಗೆ ತುಂಬುವ ಬಿಳಿ ಸಿಮೆಂಟನ್ನು ಲಿಮ್‌ನ ಕೈಯಲ್ಲೇ ಮೊಳೆಯ ಮೇಲೆ ಹಚ್ಚಿಸಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದೆ. ಮುತ್ತಿನಂಥ ಹಲ್ಲು! ಶೇಟ್ರು ಖುಷಿಯಿಂದ ಗುರಿ ಹಿಡಿದರು. "ಡಾಕ್ಟ್ರೇ, ಮೊದಲು ಸ್ವಲ್ಪವಾದರೂ ಕಾಣ್ತಿತ್ತು," ಎಂದರು. ಎದುರಿನ ಗುರಿಯ ಕಾಗದವೂ ಬಿಳಿ ಎಂಬುದನ್ನು ಇಷ್ಟೆಲ್ಲ ಓದಿದ ನಾನು ಗಮನಿಸಿಯೇ ಇರಲಿಲ್ಲ. ಲಿಮ್ ನಕ್ಕಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವಮಾನವಾದವನ ಕಣ್ಣು ಚುರುಕಾಗುತ್ತದೆ. ಪ್ರತಿ ಸಲ ಗುಂಡು ಹಾರಿಸಿ ನೋಡಿದ ಮೇಲೆ ಶೇಟ್ರು ಪಿಸ್ತೂಲನ್ನು ಲಿಮ್‌ಗೆ ಕೊಡುತ್ತಿದ್ದರು, ಆದರೆ ಗುಂಡು ತುಂಬುವ ಮ್ಯಾಗಜೀನನ್ನು ಮಾತ್ರ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಜೇಬಿಗಿಳಿಸುತ್ತಿದ್ದರು. ಕೇಳಿದರೆ, "ಅದು ಬರೀ ಡಬ್ಬಿ, ಅದರಲ್ಲಿ ಹಾಳಾಗಲಿಕ್ಕೆ ಎಂತ ಉಂಟು?" ಎಂದರು. ಒತ್ತಾಯಿಸಿ ಮೇಜಿನ ಮೇಲೆ ಇಡಿಸಿ, ಹಲ್ಲು ನೋಡುವ ನನ್ನ ಪುಟ್ಟ ಕನ್ನಡಿಯನ್ನು ಅದರ ಬಾಯಿಗೆ ಹಿಡಿದೆ. ಒಳಗೆಲ್ಲ ಕೆಂಪು. ಗಂಧ, ಎಣ್ಣೆ, ಕುಂಕುಮ ಸೇರಿ ಗಟ್ಟಿಯಾಗಿ, ವರ್ಷಗಟ್ಟಲೆ ಬ್ರಷ್ ಕಾಣದ ದವಡೆಯಂತೆ ಪಾಚಿ ಕಟ್ಟಿತ್ತು. ಮೊದಲ ಗುಂಡು ಹೇಗೋ ನುಸುಳುತ್ತಿತ್ತು, ಮುಂದಿನದು ಅಂಟಿನಲ್ಲಿ ಸಿಕ್ಕಿ ನಿಲ್ಲುತ್ತಿತ್ತು.

ಶೇಟ್ರು ತಲೆ ತಗ್ಗಿಸಿದರು. ಪ್ರತಿ ಆಯುಧ ಪೂಜೆಗೂ ಅವರ ಹೆಂಡತಿ ಸರೋಜಕ್ಕ ತಕ್ಕಡಿ, ಕತ್ತರಿಗಳ ಜೊತೆ ಇದಕ್ಕೂ ಬೊಟ್ಟಿಡುತ್ತಾರೆ. ಉಳಿದದ್ದನ್ನೆಲ್ಲ ಶೇಟ್ರು ಒರೆಸುತ್ತಾರೆ, ಕುಂಕುಮ ಇದ್ದಲ್ಲಿ ಮಾತ್ರ ಕೈಯಿಡುವುದಿಲ್ಲ. "ಒರೆಸಿದರಾಯ್ತು" ಎಂದೆ ನಾನು. "ನನ್ನ ಜೀವ ಕಾಯುವ ಸಾಮಾನು ಇದು. ಅವಳನ್ನು ಕೇಳದೆ ನಾನು ಒರೆಸುದಿಲ್ಲ," ಎಂದರು.

ಹಾಗಾಗಿ ಅವರ ಮನೆಗೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅರಿಕೆ ಮಾಡಿಕೊಂಡೆ. ಸರೋಜಕ್ಕ ಸೌಟು ಹಿಡಿದೇ ಹೊರಬಂದರು. "ಕುಂಕುಮ ಒರೆಸುದಾ? ಇವರು ಗಟ್ಟಿಮುಟ್ಟಾಗಿ ಎದುರಿಗೆ ನಿಂತಿರುವಾಗ? ಎಂತ ಮಾತಾಡ್ತೀರಿ ಡಾಕ್ಟ್ರೇ!"

"ಅಕ್ಕಾ, ಅದು ಗುಂಡಿನ ಡಬ್ಬಿಯ ಬಾಯಿಯೊಳಗೆ ಹೋಗಿದೆ. ಅದಕ್ಕೇ ಗುಂಡು ಹಾರ್ತಿಲ್ಲ."

ಅವರು ಯೋಚಿಸಿದರು. "ಬಾಯಿಗಾ? ಬಾಯಿಗೆ ಯಾರಾದರೂ ಕುಂಕುಮ ಇಡ್ತಾರಾ? ನಾನು ಅದು ಹಣೆ ಅಂತ ಮಾಡಿದ್ದು ಮಾರಾಯ್ರೇ. ಇವರು ಯಾವತ್ತೂ ಆ ಡಬ್ಬಿಯನ್ನು ಹೊರಗೆ ತೆಗೆದು, ಆ ಬದಿ ಮೇಲೆ ಮಾಡಿಯೇ ಇಡುದಲ್ವಾ ದೇವರ ಎದುರು! ಹಣೆ ಎಲ್ಲುಂಟು ತೋರಿಸಿ, ಅಲ್ಲಿಡುವ. ಆಮೇಲೆ ಬಾಯಿ ತೊಳೀರಿ, ನನ್ನದೆಂತ ಅಡ್ಡಿಯಿಲ್ಲ."

ಹಣೆ ಎಂದೊಡನೆ ನನಗೆ ಪಿಸ್ತೂಲಿನ ಗುರಿಮೊಳೆ ನೆನಪಾಯಿತು. ಮರುದಿನ ಕ್ಲಬ್ಬಿನಲ್ಲಿ, ಸರೋಜಕ್ಕ ಕೊಟ್ಟ ಚಿಟಿಕೆ ಕುಂಕುಮವನ್ನು ಗುರಿಮೊಳೆಯ ನೆತ್ತಿಗೆ ಇಡಿಸಿ, ಮೇಲೆ ಪಾರದರ್ಶಕ ಅಂಟು ಹಚ್ಚಿಸಿ, ನೀಲಿ ದೀಪ ಬಿಟ್ಟೆ. ಲಿಮ್ ಮ್ಯಾಗಜೀನನ್ನು ತೊಳೆದ. ಬಿಳಿ ಕಾಗದದೆದುರು ಕೆಂಪು ಬೊಟ್ಟು ಎದ್ದು ಕಂಡಿತು. ಕುದುರೆ ನಿಲ್ಲದೆ ಓಡಿತು. ಶೇಟ್ರು ಪರೀಕ್ಷೆ ಪಾಸಾದ ದಿನ ಸರೋಜಕ್ಕ ನಮ್ಮನೆಗೆ ಡಬ್ಬಿ ತುಂಬ ಹಯಗ್ರೀವ ಕಳಿಸಿದರು. ಕುದುರೆ ಗೆದ್ದಿದ್ದಕ್ಕೆ ಕುದುರೆಮುಖದ ದೇವರ ಪ್ರಸಾದ. ಶೇಟ್ರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

ಮರುದಿನ ಬೆಳಿಗ್ಗೆ ಅದೇ ಜಂಬದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುತ್ತ ಪಕ್ಕದ ಮನೆಯ ಚೀನೀ ಆಂಟಿಯ ಹೂಕುಂಡಕ್ಕೆ ಗುದ್ದಿದೆ. ಪರದೆಯ ಮೇಲೆ ಎಂದಿನ ಸೂರ್ಯಾಸ್ತ. ಇಳಿದು ಹೋಗಿ ಕ್ಯಾಮೆರಾಕ್ಕೆ ಪುಟ್ಟ ಕನ್ನಡಿ ಹಿಡಿದೆ. ಅದರ ಕಣ್ಣಿನ ನಟ್ಟನಡುವೆ, ಮಳೆಗೂ ಜಗ್ಗದೆ, ಎಣ್ಣೆಯಲ್ಲಿ ಕಲಸಿಟ್ಟ ದುಂಡನೆಯ ಕೆಂಪು ಬೊಟ್ಟು.

"ಆಯುಧ ಪೂಜೆ ದಿನ ಇಟ್ಟಿದ್ದೆ ರೀ," ಎಂದಳು ನನ್ನ ಹೆಂಡತಿ ವೀಣಾ ಬಾಗಿಲಲ್ಲಿ ನಿಂತು. "ಹಿಂದುಗಡೆ ಹಣೆ ಥರ ಕಾಣ್ತು."

"ಒರೆಸಿಬಿಡ್ಲಾ?"

"ನಿಮ್ಮ ಕಾರು, ನಿಮ್ಮಿಷ್ಟ," ಎಂದಳು, ಮದುವೆಯಾದ ಗಂಡಸರಿಗೆಲ್ಲ ಅರ್ಥವಾಗುವ ದನಿಯಲ್ಲಿ.

ಕೈಯಲ್ಲಿ ಬಟ್ಟೆಯಿತ್ತು. ವಿಜ್ಞಾನ ಓದಿದ ತಲೆಯೂ ಇತ್ತು. ಆದರೂ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಈಗ ಕತ್ತು ಹೊರಳಿಸಿ ನೋಡಿಕೊಂಡೇ ಕಾರು ತೆಗೆಯುತ್ತೇನೆ. ನಾನು ಎಂಜಿನ್ ಚಾಲೂ ಮಾಡಿದ ಸದ್ದು ಕೇಳಿದೊಡನೆ ಚೀನೀ ಆಂಟಿ ಹೊರಗೆ ಬಂದು ಹೂಕುಂಡವನ್ನು ಒಳಗೆ ಎತ್ತಿಟ್ಟುಕೊಳ್ಳುತ್ತಾರೆ.