ಸೀಲಿನ ಗುಮಾಸ್ತರು ಮಾಂಸ ಬಿಟ್ಟ ದಿನ

ಬೆಳಿಗ್ಗೆ ತಿಂಡಿಗೆ ಕೂತ ಗುಮಾಸ್ತರಿಗೆ ತಟ್ಟೆಯಲ್ಲಿ ತಮ್ಮದೇ ಸೀಲು ಕಾಣಿಸಿತು. ನಿನ್ನೆಯ ಸಾರನ್ನು ಹೆಂಡತಿ ಬಿಸಿ ಮಾಡಿ ಬಡಿಸಿದ್ದಳು. ಅದರಲ್ಲೊಂದು ಕೊಬ್ಬಿನ ತುಂಡಿನ ಮೇಲೆ, ಎರಡು ಸಲ ಕುದಿಸಿದರೂ ಹೋಗದ ನೀಲಿ ಶಾಯಿಯಲ್ಲಿ, ‘ಯೋಗ್ಯ’ ಎಂದು ಅಚ್ಚಾಗಿತ್ತು.

ಗುಮಾಸ್ತರದು ಕಸಾಯಿಖಾನೆಯಲ್ಲಿ ಹದಿನಾರು ವರ್ಷದ ನೌಕರಿ. ಡಾಕ್ಟರು ಪರೀಕ್ಷೆ ಮಾಡಿ ತಲೆ ಆಡಿಸಿದ ಮೇಲೆ ಮಾಂಸಕ್ಕೆ ಸೀಲು ಒತ್ತುವುದಷ್ಟೇ ಅವರ ಕೆಲಸ. ಕೊಯ್ಯುವುದನ್ನು ಒಂದು ದಿನವೂ ನೋಡಿದವರಲ್ಲ. ಕೊಯ್ಯುವ ಕೋಣೆಯ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ. ಆದರೆ ನಿನ್ನೆ ಲಾರಿಯಿಂದ ಇಳಿದ ಕುರಿಯೊಂದು ಹೋಗುತ್ತಾ ಹೋಗುತ್ತಾ ಅವರ ಕೈ ನೆಕ್ಕಿತ್ತು. ಆ ಬಿಸಿ ನಾಲಿಗೆ ಈಗ ನೆನಪಾಗಿ ತಟ್ಟೆಯನ್ನು ಆಚೆ ಸರಿಸಿದರು.

“ಇವತ್ತಿಂದ ನಾನು ಮಾಂಸ ಮುಟ್ಟಲ್ಲ ಕಣೇ. ಆ ಜೀವಗಳ ಸಾವಿನಲ್ಲಿ ಇನ್ನು ನನ್ನ ಪಾಲಿಲ್ಲ.”

“ಗಾಳಿ ಗೀಳಿ ಸೋಕ್ತಾ ನಿಮಗೆ?” ಎಂದಳು ಹೆಂಡತಿ. “ಸರಿ, ಕಸಾಯಿಖಾನೆ ಸಂಬಳ ಮಾತ್ರ ಮುಟ್ತೀರೋ?”

ಗುಮಾಸ್ತರು ಎದ್ದು ಚಪ್ಪಲಿ ಮೆಟ್ಟಿದರು. ಮೆಟ್ಟಿಲ ಮೇಲೆ ಪಕ್ಕದ ಮನೆಯ ಹೊಲಿಗೆಯಮ್ಮ ಅಡ್ಡ ನಿಂತಿದ್ದರು. ಗೋಡೆಗೆ ಕಿವಿ ಕೊಡುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ.

“ಒಳ್ಳೇದಾಯ್ತು ಬಿಡಿ. ನಮ್ಮ ಭಾವನೂ ಹೀಗೇ ಒಂದಿನ ಬಿಟ್ಬಿಟ್ರು. ಪ್ರಾಣಿಗಳಿಗೆ ಅದು ಹೆಂಗೆ ಗೊತ್ತಾಗುತ್ತೋ ಏನೋ! ಬೀದಿಗಿಳಿದ್ರೆ ಸಾಕು, ಹಿಂದೇನೇ ಬರೋವು.”

“ಈಗ ಹೇಗಿದ್ದಾರೆ?”

“ಮನೆಯಿಂದ ಆಚೆ ಬರೋದೇ ಬಿಟ್ಟಿದ್ದಾರೆ.”

ಗುಮಾಸ್ತರು ಬಿರಬಿರನೆ ಮೆಟ್ಟಿಲಿಳಿದರು.

ಕಸಾಯಿಖಾನೆಯ ಅಂಗಳದಲ್ಲಿ ಬೇಲಿಯೊಳಗೆ ನಲವತ್ತು ಕುರಿಗಳು ಒಂದೇ ಸಮನೆ ಅರಚುತ್ತಿದ್ದವು. ಗುಮಾಸ್ತರು ಗೇಟು ದಾಟಿದ್ದೇ ತಡ, ಸದ್ದು ಗಕ್ಕನೆ ನಿಂತಿತು. ನಲವತ್ತು ತಲೆಗಳು ಒಟ್ಟಿಗೆ ಅವರ ಕಡೆ ತಿರುಗಿದವು. ಅವರು ಎಡಕ್ಕೆ ನಡೆದರೆ ತಲೆಗಳೂ ಎಡಕ್ಕೆ, ಬಲಕ್ಕೆ ನಡೆದರೆ ಬಲಕ್ಕೆ. ಒಂದೂ ರೆಪ್ಪೆ ಬಡಿಯಲಿಲ್ಲ.

“ಏನ್ ಸಾರ್, ನಿಮ್ಮನ್ನ ಮೇಸ್ತ್ರಿ ಅಂದ್ಕೊಂಡ್ವಾ?” ಎಂದ, ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ ಚೂರಿಯಣ್ಣ.

ಮೇಸ್ತ್ರಿ ಎಂದರೆ ಅಲ್ಲಿದ್ದ ಗಡ್ಡದ ಹೋತ. ಕುರಿಗಳು ತಾವಾಗಿ ಕೊಯ್ಯುವ ಕೋಣೆಗೆ ಹೋಗುವುದಿಲ್ಲ, ರಕ್ತದ ವಾಸನೆಗೆ ಕಾಲೂರಿ ನಿಲ್ಲುತ್ತವೆ. ಮೇಸ್ತ್ರಿ ಮುಂದೆ ನಡೆದರೆ ಮಾತ್ರ ನಂಬಿ ಹಿಂದೆ ಬರುತ್ತವೆ. ಅವು ಒಳಗೆ ಹೋದ ಮೇಲೆ ಮೇಸ್ತ್ರಿ ಪಕ್ಕದ ಕಿಂಡಿಯಿಂದ ಆಚೆ ಬಂದು ಹುಲ್ಲು ತಿನ್ನುತ್ತಿತ್ತು. ಹನ್ನೊಂದು ವರ್ಷ ದುಡಿದು ಹೋದ ವಾರ ಮುಪ್ಪಿನಿಂದ ಸತ್ತಿತ್ತು. ಅವತ್ತಿನಿಂದ ಒಂದೊಂದು ಕುರಿಯನ್ನೂ ನಾಲ್ಕು ಜನ ಎಳೆದು ತರಬೇಕಾಗಿ, ಮ್ಯಾನೇಜರು ಎಲ್ಲರ ಮೇಲೂ ಹರಿಹಾಯುತ್ತಿದ್ದರು.

ಗುಮಾಸ್ತರು ತಮ್ಮ ವ್ರತದ ವಿಷಯ ಚೂರಿಯಣ್ಣನ ಕಿವಿಗೆ ಹಾಕಿ, “ಯಾರಿಗೂ ಹೇಳಬೇಡಪ್ಪ” ಎಂದರು. ಅವರು ಕೋಣೆಗೆ ಬಂದು ಕೂರುವಷ್ಟರಲ್ಲಿ ಇಡೀ ಕಸಾಯಿಖಾನೆಗೆ ಗೊತ್ತಾಗಿತ್ತು. ಒಬ್ಬ ಬಂದು ಅವರ ಮೇಜಿನ ಮೇಲೆ ಒಂದು ಹಿಡಿ ಹುಲ್ಲು ಇಟ್ಟು ಹೋದ. ನಗೆಯ ಗದ್ದಲದಲ್ಲಿ ಬೇಲಿಯ ಅಗುಳಿ ಯಾರು ತೆಗೆದರೋ, ತಲೆಯೆತ್ತಿದರೆ ಕಿಟಕಿಯ ಗಾಜಿಗೆ ಒತ್ತಿದ ಕುರಿಮುಖಗಳು. ಅವುಗಳ ಉಸಿರಿಗೆ ಗಾಜು ಮಂಜುಗಟ್ಟಿತ್ತು.

ಗುಮಾಸ್ತರು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗೆ ಟಕ್, ಟಕ್, ಟಕ್ ಎಂದು ಗೊರಸಿನ ಸದ್ದು. ಬಗ್ಗಿ ನೋಡಿದರೆ ಬಾಗಿಲ ಸಂದಿಯಲ್ಲಿ ಸಾಲು ಗೊರಸುಗಳು, ಶಿಸ್ತಾಗಿ, ಸರದಿಗೆ ನಿಂತವರ ಹಾಗೆ.

“ಹೋಗ್ರೋ, ನಿಮ್ಮ ದಮ್ಮಯ್ಯ!” ಎಂದು ಪಿಸುಗುಟ್ಟಿದರು. ಒಂದು ಕುರಿ ಮೆಲ್ಲಗೆ ಕೆಮ್ಮಿತು.

ಬಚ್ಚಲಿನ ಹಿಂಬಾಗಿಲಿಂದ ನುಸುಳಿ ಓಟ ಕಿತ್ತರು. ಎರಡೂ ಕಡೆ ಎತ್ತರದ ಗೋಡೆಯ ಓಣಿ. ಬೆನ್ನ ಹಿಂದೆ ನೂರರವತ್ತು ಕಾಲುಗಳ ಸದ್ದು ಬಿಟ್ಟರೆ ಒಂದು ‘ಬ್ಯಾ’ ಕೂಡ ಇಲ್ಲ. ಓಣಿಯ ಕೊನೆಗೆ ಒಂದೇ ಬಾಗಿಲು. ಜೀವ ಕೈಯಲ್ಲಿ ಹಿಡಿದು ಒಳಗೆ ನುಗ್ಗಿದರು. ನಲವತ್ತೂ ನುಗ್ಗಿದವು. ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಸುತ್ತ ನೋಡಿದರೆ ಒದ್ದೆ ನೆಲ, ಕೊಕ್ಕೆಗಳು, ಕತ್ತಿ ಹಿಡಿದು ಬಾಯಿ ಬಿಟ್ಟು ನಿಂತ ಜನ. ಹದಿನಾರು ವರ್ಷದಲ್ಲಿ ನೋಡದ ಕೋಣೆ ಅದು.

ಪಕ್ಕದ ಕಿಂಡಿಯಿಂದ ಅವರನ್ನು ಆಚೆ ಎಳೆದುಕೊಂಡ ಮ್ಯಾನೇಜರು ತಬ್ಬಿಕೊಂಡೇ ಬಿಟ್ಟರು.

“ಏನ್ರೀ, ಈ ವಿದ್ಯೇನ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?”

“ಸಾರ್, ನಾನು... ಬೆಳಿಗ್ಗೆ ಮಾಂಸ ಬಿಟ್ಟೆ.”

“ಅದಕ್ಕೇ ರೀ! ನಿಮ್ಮ ಬಾಯಲ್ಲಿ ವಾಸನೆ ಇಲ್ಲ, ನಂಬಿಬಿಟ್ಟಿವೆ. ಮಧ್ಯಾಹ್ನ ಇನ್ನೊಂದು ಲಾರಿ ಬರುತ್ತೆ. ನೀವು ಸುಮ್ನೆ ಮುಂದೆ ನಡೀರಿ, ಸಾಕು.”

“ಕೈ ಮುಗೀತೀನಿ ಸಾರ್, ನನ್ನ ಕೈಲಾಗಲ್ಲ.”

ಮ್ಯಾನೇಜರು ಅತ್ತ ತಿರುಗಿ ಕೂಗಿದರು: “ಎಲ್ರೂ ಕೇಳ್ರಪ್ಪಾ! ಇವರಿಗೆ ಯಾರಾದ್ರೂ ಒಂದು ತುಂಡು ಮಾಂಸ ಕೊಟ್ಟಿದ್ದು ಕಂಡ್ರೆ ಅವತ್ತೇ ಮನೆಗೆ!”

ಗೋಡೆಯ ಆಚೆ ಸದ್ದುಗಳು ಶುರುವಾಗಿದ್ದವು. ಗುಮಾಸ್ತರು ಕಿವಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತು ಅತ್ತರು. ಅಳುತ್ತಲೇ ಲೆಕ್ಕ ಹಾಕಿದರು. ಮಾಂಸ ಬಿಟ್ಟಿದ್ದಕ್ಕೆ ತಾನೇ ಅವು ಹಿಂದೆ ಬಂದದ್ದು? ಹಾಗಾದರೆ ಮಧ್ಯಾಹ್ನದ ಕುರಿಗಳನ್ನು ಉಳಿಸಬೇಕೆಂದರೆ ಕುರಿ ತಿನ್ನಬೇಕು!

ಊಟದ ಹೊತ್ತಿಗೆ ಅವರನ್ನು ಕಂಡ ಕಂಡವರೆಲ್ಲ ಬುತ್ತಿ ಮುಚ್ಚಿಕೊಂಡರು. ಕೊನೆಗೆ ಚೂರಿಯಣ್ಣ ಕೈ ತೊಳೆಯಲು ಎದ್ದಾಗ, ಅವನ ಡಬ್ಬಿಯಿಂದ ಇದ್ದುದರಲ್ಲೇ ದೊಡ್ಡ ತುಂಡು ಕದ್ದು ಬಾಯಿಗೆ ತುರುಕಿಕೊಂಡು ಓಡಿದರು. ಲಾರಿ ಆಗಲೇ ಓಣಿಯ ಬಾಯಿಗೆ ಬಂದು ನಿಂತು, ಕುರಿಗಳು ಇಳಿಯುತ್ತಿದ್ದವು. ಗುಮಾಸ್ತರು ಓಣಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತು ಜೋರಾಗಿ ಅಗಿದರು. ಬಾಯಿ ತೆರೆದು ಕುರಿಗಳತ್ತ ಉಸಿರೂದಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಎಲ್ಲಕ್ಕಿಂತ ಮುಂದಿದ್ದ ಕುರಿ ಮೂಸಿತು. ಒಂದು ಹೆಜ್ಜೆ ಹತ್ತಿರ ಬಂತು.

“ಹೋಗಿ! ನಾನು ತಿಂತಾ ಇದ್ದೀನಿ, ನೋಡಿ!” ಎಂದು ತುಂಬಿದ ಬಾಯಲ್ಲೇ ತೊದಲುತ್ತಾ ಅವರು ಹಿಂದೆ ಸರಿದರು. ಅವು ಮುಂದೆ ಬಂದವು. ಅವರು ಇನ್ನೂ ಸರಿದರು. ಅವು ಇನ್ನೂ ಬಂದವು, ಸದ್ದಿಲ್ಲದೆ, ಅವರ ಮುಖವನ್ನೇ ನೋಡುತ್ತಾ. ಬೆನ್ನಿಗೆ ತಣ್ಣಗೆ ಏನೋ ತಗುಲಿತು. ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡಿತು. ಒಳಗೆ ಚೂರಿಯಣ್ಣ ನಿಂತಿದ್ದ.

“ಬಾಯಿಗೆ ಏನು ತುಂಬ್ಕೊಂಡ್ರೇನು ಸಾರ್?” ಎಂದ ಮೆತ್ತಗೆ. “ಅವು ನೋಡ್ತಿರೋದು ನಿಮ್ಮ ಕಣ್ಣನ್ನ. ಇಲ್ಲಿ ಅವುಗಳನ್ನ ಕಂಡು ಅಯ್ಯೋ ಅನ್ನೋರು ನೀವೊಬ್ರೇ ಅಲ್ವಾ?”

ಕೊನೆಯ ಕುರಿಯೂ ಒಳಗೆ ಬಂತು. ಬಂದು ಗುಮಾಸ್ತರ ಕೈ ನೆಕ್ಕಿತು.

“ನಾಳೆ ಮೂರು ಲಾರಿ ರೀ!” ಎಂದು ಆಚೆಯಿಂದ ಮ್ಯಾನೇಜರ ಖುಷಿಯ ದನಿ ಕೇಳಿಸಿತು. ಗುಮಾಸ್ತರಿಗೆ ಬಾಯಲ್ಲಿದ್ದುದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.