ಅವರ ಕಣ್ಣು, ನನ್ನ ಕಿವಿ, ಕೆಂಪೆದೆಯ ಬಾತು

"ನೋಡು, ಈ ಚಳಿಗಾಲ ಮುಗಿಯೋದರೊಳಗೆ ಆ ಕೆಂಪೆದೆಯ ಬಾತನ್ನ ನೋಡೇ ನೋಡ್ತೀನಿ! ಉತ್ತರದ ಹಿಮದ ಸೀಮೆಯಿಂದ ಅದು ಅಷ್ಟು ದೂರ ಹಾರಿ ಬಂದಿದೆ, ನಾವು ಎರಡು ಗಂಟೆ ಬಸ್ಸಲ್ಲಿ ಕೂತು ಹೋಗೋಕಾಗಲ್ವಾ? ಮೂವತ್ತು ವರ್ಷ ಮಗ್ಗದಲ್ಲಿ ಹರಿದ ಎಳೆ ಹುಡುಕಿದ ಕಣ್ಣು ಕಣೇ ಇದು! ಆ ಮಗ್ಗದ ಸದ್ದಿಗೆ ಕಿವಿ ಹೋಯ್ತು, ಹೋಗ್ಲಿ ಬಿಡು. ಕಿವಿಗೆ ನೀನಿದ್ದೀಯಲ್ಲ! ಎಲ್ಲಿ ಕೂಗ್ತು ಅಂತ ನೀನು ತೋರಿಸು, ಯಾವ ಹಕ್ಕಿ ಅಂತ ನಾನು ಹೇಳ್ತೀನಿ. ನಮ್ಮಿಬ್ಬರನ್ನ ಮೀರಿಸೋ ದುರ್ಬೀನು ಇನ್ನೂ ಹುಟ್ಟಿಲ್ಲ!"

ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ನಮ್ಮ ಯಜಮಾನರು ಈ ಘೋಷಣೆ ಹೊರಡಿಸಿದರು. ನನಗೂ ಜಂಭವೇನು ಕಡಿಮೆ ಇರಲಿಲ್ಲ. ಓದು ಅಷ್ಟಕ್ಕಷ್ಟೇ ಆದರೂ, ಮೂರನೇ ಮನೆಯಲ್ಲಿ ಹಾಲುಕ್ಕಿದರೆ ಇಲ್ಲಿಂದಲೇ ಹೇಳಬಲ್ಲ ಕಿವಿ ನನ್ನದು!

ಆ ಭಾನುವಾರ ಬೆಳಗಿನ ಜಾವ ಹಕ್ಕಿ ನೋಡಲು ಬಂದ ಇಪ್ಪತ್ತು ಜನ ಕೆರೆಯ ದಡದಲ್ಲಿ ನಡುಗುತ್ತ ನಿಂತಿದ್ದೆವು. ನಮ್ಮ ಮುಂದಾಳು ಒಬ್ಬ ಹಲ್ಲಿನ ಡಾಕ್ಟರು. ಪಿಸುಗುಟ್ಟಿದರು: "ಯಾರೂ ತುಟಿ ಬಿಚ್ಚಬಾರದು. ಒಂದು ಸದ್ದಾದರೂ ಬಾತು ಹಾರಿಹೋಗುತ್ತೆ. ಇನ್ನು ಆ ನೀರಿನ ಮೇಲಿನ ಹಲಗೆ ದಾರಿ ಪೂರ್ತಿ ಲಡ್ಡಾಗಿದೆ, ಕಾಲಿಟ್ಟರೆ ಮುರಿಯುತ್ತೆ, ಅತ್ತ ಹೋಗಲೇಬೇಡಿ."

ಯಜಮಾನರಿಗೆ ಒಂದಕ್ಷರವೂ ಕೇಳಲಿಲ್ಲ. ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದರು!

ಕವಿದ ಮಂಜಿನಲ್ಲಿ ನಾಲ್ಕು ಹೆಜ್ಜೆಯಾಚೆ ಏನೂ ಕಾಣದು. ಅಷ್ಟರಲ್ಲಿ ನೀರಿನ ಕಡೆಯಿಂದ ಹೊಸದೊಂದು ಕೂಗು ಕೇಳಿಸಿತು. ನಾನು ಹೆಮ್ಮೆಯಿಂದ ಅತ್ತ ಬೆರಳು ತೋರಿಸಿದೆ. ಯಜಮಾನರು ಹೊರಟೇಬಿಟ್ಟರು, ನೇರವಾಗಿ ಹಲಗೆ ದಾರಿಯ ಕಡೆಗೇ! ಓಡಿ ಕೋಟು ಹಿಡಿದೆಳೆದೆ. ತಿರುಗಿ ನೋಡಿದವರು ನಮ್ಮ ಗುಂಪಿನ ಪೋಸ್ಟ್‌ಮಾಸ್ಟರು!

ನಮ್ಮವರು ಮಂಜಿನಲ್ಲಿ ಕರಗಿಹೋಗಿದ್ದರು.

ಆಗ ಕೇಳಿಸಿತು. ಚಿಟ್.

ಹಲಗೆ! ಈಜು ಬಾರದ ಮನುಷ್ಯ. ಮೈಮೇಲೆ ಎರಡು ಸ್ವೆಟರು, ಒಂದು ಮಣಭಾರದ ಕೋಟು. ಬಿದ್ದರೆ ಕಲ್ಲಿನ ಹಾಗೆ ತಳ ಸೇರುತ್ತಾರೆ. ಬೆರಳು ತೋರಿಸಿ ಕಳಿಸಿದವಳು ನಾನೇ! ಕೂಗಿದರೆ ಇಪ್ಪತ್ತು ಜನರ ಬಾತು ಹೋಗುತ್ತದೆ. ಕೂಗದಿದ್ದರೆ...

ಚಿಟ್. ಚಿಟಕ್.

ಹಾಳಾಗಿ ಹೋಗಲಿ ಬಾತು!

"ರೀ...! ಹಲಗೆ ಮುರೀತಿದೆ ರೀ! ವಾಪಸ್ ಬನ್ನಿ!"

ಕೆರೆಯೇ ಎದ್ದು ಹಾರಿದಂತೆ ನೂರಾರು ರೆಕ್ಕೆಗಳು ತಲೆಯ ಮೇಲೆ ಭೋರ್ಗರೆದವು. ಕಿವಿ ಕೇಳದವರನ್ನು ಕೂಗಿ ಏನು ಪ್ರಯೋಜನ ಎಂದು ಹೊಳೆದದ್ದು ಆಮೇಲೆ!

ಮಂಜಿನೊಳಗಿಂದ ಯಜಮಾನರು ನಿಧಾನವಾಗಿ ನಡೆದು ಬಂದರು. ಒಂದು ಕೈಯಲ್ಲಿ ಹುರಿದ ಕಡಲೆಕಾಯಿ. ಬೆರಳಲ್ಲಿ ಒಂದನ್ನು ಒತ್ತಿದರು.

ಚಿಟ್!

ತಾವು ಬಿಡಿಸುವ ಸಿಪ್ಪೆಯ ಸದ್ದು ಅವರಿಗೆ ಕೇಳಬೇಕಲ್ಲ!

"ಎಲ್ಲಾ ಯಾಕೆ ಹಾರಿಹೋದವು?" ಎಂದರು.

ಡಾಕ್ಟರು ಹಲ್ಲು ಕಡಿಯುತ್ತ ಅವರ ಕಿವಿಯ ಹತ್ತಿರ ಅರಚಿದರು: "ಯಾರೋ ಕೂಗಿಬಿಟ್ರು, ಸ್ವಾಮಿ!"

"ಛೆ, ಛೆ! ಎಂಥ ಬುದ್ಧಿ ಇಲ್ಲದ ಜನ!" ಯಜಮಾನರು ನನ್ನ ಭುಜ ತಟ್ಟಿದರು. "ನನ್ನ ಹೆಂಡತಿಯನ್ನ ನೋಡಿ ಕಲೀರಿ. ಬಂದಾಗಿನಿಂದ ತುಟಿ ಪಿಟಕ್ ಅಂದಿಲ್ಲ!"

ಹದಿನೆಂಟು ಜೊತೆ ಕಣ್ಣು, ಹತ್ತು ದುರ್ಬೀನು, ಎಲ್ಲವೂ ನನ್ನ ಕಡೆಗೇ ತಿರುಗಿದವು.

ಸಂಜೆ ಮನೆಯ ಮೆಟ್ಟಿಲ ಮೇಲೆ ಅವರ ಕೋಟು ಕೊಡವಿದೆ. ಎರಡೂ ಜೇಬಿನಿಂದ ಸಿಪ್ಪೆಯೋ ಸಿಪ್ಪೆ! ಒಳಗಿದ್ದ ಯಜಮಾನರ ಕೋಪ ಇನ್ನೂ ಇಳಿದಿರಲಿಲ್ಲ.

"ಆ ಕೂಗಿದವರು ಒಂದು ಸಲ ನನ್ನ ಕೈಗೆ ಸಿಗಲಿ!"

"ಸಿಕ್ಕಿ ನಲವತ್ತು ವರ್ಷ ಆಯ್ತು ಬಿಡಿ" ಎಂದೆ.

ಅದೂ ಕೇಳಲಿಲ್ಲ. ಪೊರಕೆ ತಂದು ಸಿಪ್ಪೆ ಗುಡಿಸಿದೆ.